ಮದುಮಗಳ ದಂತಪಂಕ್ತಿ: ಕಾವ್ಯ, ಆಚಾರ ಮತ್ತು ನೀರು

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯ ಕಡೆಯಿಂದ ಬಂದು ನಮ್ಮಲ್ಲಿ ಐಚ್ಛಿಕ ಕನ್ನಡ ಓದಿದ ವಿದ್ಯಾರ್ಥಿನಿಯೊಬ್ಬಳು ಕಳೆದ ಮಾಘಮಾಸದಲ್ಲಿ ಲಗ್ನಪತ್ರಿಕೆ ಕೊಡಲು ತಾಯಿಯೊಡನೆ ಮನೆಗೆ ಬಂದಿದ್ದಳು. ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತು, ಹಳಗನ್ನಡ ಪದ್ಯಗಳನ್ನು ಅನ್ವಯ ತಪ್ಪದಂತೆ ಬಿಡಿಸುತ್ತಿದ್ದ ಹುಡುಗಿ. ನಗು ಬಂದಾಗ ಮಾತ್ರ ಸೆರಗನ್ನೋ ಪುಸ್ತಕವನ್ನೋ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಅದನ್ನು ನಾನು ಲಜ್ಜೆಯೆಂದೇ ತಿಳಿದಿದ್ದೆ. ಅಂದು ತಾಯಿ ಬಾಯಿಬಿಟ್ಟು ಹೇಳಿದ ಮೇಲೆ ನಿಜ ಸಂಗತಿ ತಿಳಿಯಿತು. ಹುಡುಗಿಯ ಮುಂದಿನ ಹಲ್ಲುಗಳಲ್ಲಿ ಬಾಲ್ಯದಿಂದಲೂ ಕಂದುಬಣ್ಣದ ಗೆರೆಗಳಿವೆ. ಮದುವೆಗೆ ಹದಿನೈದು ದಿನವಿರುವಾಗ, ಅವುಗಳನ್ನು ಬಿಳುಪುಗೊಳಿಸಲು ದಾವಣಗೆರೆಯ ದಂತವೈದ್ಯರೊಬ್ಬರಲ್ಲಿಗೆ ಎರಡು ಸಲ ಹೋಗಿ ಬಂದಿದ್ದಾರೆ. ಮೂರನೆಯ ಸಲ ಹೋಗಬೇಕು. ಅಷ್ಟಾದರೂ ಪೂರ್ತಿ ಹೋಗುವ ಕಲೆಯಲ್ಲವೆಂದು ವೈದ್ಯರು ಮೊದಲೇ ಹೇಳಿದ್ದಾರೆ. ತಾಯಿ ಇದನ್ನೆಲ್ಲ ಹೇಳುತ್ತಿರುವಾಗ ತಲೆ ತಗ್ಗಿಸಿಕೊಂಡಿದ್ದ ಹುಡುಗಿ ಕೊನೆಗೆ ಒಂದು ಪ್ರಶ್ನೆ ಕೇಳಿದಳು. "ಸರ್, ಕಾವ್ಯದಲ್ಲಿ ಎಲ್ಲರ ಹಲ್ಲೂ ಮೊಲ್ಲೆಯ ಮೊಗ್ಗು. ಹಾಗಿಲ್ಲದ ಹಲ್ಲಿನವರು ಆಗ ಯಾರೂ ಇರಲೇ ಇಲ್ಲವೆ?"

ಪಾಠ ಹೇಳುವವನಿಗೆ ಇಂಥ ಪ್ರಶ್ನೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಆ ಹೊತ್ತಿಗೆ ಏನೋ ಸಮಾಧಾನ ಹೇಳಿ ಕಳಿಸಿದೆ. ಅನಂತರ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದಂತೆ ತೋರಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಾವ್ಯದಲ್ಲಿ ದಂತವರ್ಣನೆಗೆ ಸಿಕ್ಕಿರುವ ಸ್ಥಳ ಬಹಳ ಕಿರಿದು. ಕೂದಲಿಗೆ, ಕಣ್ಣಿಗೆ, ನಡುವಿಗೆ ಪದ್ಯಗಳನ್ನೇ ಮೀಸಲಿಡುವ ಕವಿ ಹಲ್ಲಿಗೆ ಅರ್ಧ ಸಾಲು ಕೊಟ್ಟರೆ ಹೆಚ್ಚು. ಆ ಅರ್ಧ ಸಾಲಿನಲ್ಲಿ ಕುಂದ, ಮಲ್ಲಿಗೆ, ಮುತ್ತು, ದಾಳಿಂಬದ ಬೀಜ ಇವು ಸರದಿಯಲ್ಲಿ ಬಂದು ಹೋಗುತ್ತವೆ. ಇದಕ್ಕೆ ಕಾರಣವನ್ನು ಕವಿಸಮಯದಲ್ಲಿ ಹುಡುಕಬೇಕು. ಕೀರ್ತಿಯೂ ನಗೆಯೂ ಬಿಳಿಯವು ಎಂಬುದು ಸಂಸ್ಕೃತ ಕನ್ನಡಗಳೆರಡರ ಕವಿಗಳೂ ಒಪ್ಪಿಕೊಂಡ ಕಟ್ಟಳೆ. ಇಮ್ಮಡಿ ನಾಗವರ್ಮನು 'ಕಾವ್ಯಾವಲೋಕನ'ದ ಒಂದು ಅಧಿಕರಣವನ್ನೇ ಕವಿಸಮಯಕ್ಕೆ ಮೀಸಲಿಟ್ಟಿದ್ದಾನೆ. ನಗೆ ಬಿಳಿದು ಎಂದು ಶಾಸ್ತ್ರವೇ ನಿಯಮಿಸಿದ ಮೇಲೆ, ಆ ನಗೆ ಹೊರಡುವ ಬಾಯಿಯ ಹಲ್ಲು ಬೇರೆ ಬಣ್ಣದ್ದಾಗಲು ಅವಕಾಶವೆಲ್ಲಿ? ಕೋರೆದಾಡೆಗಳು ರಾಕ್ಷಸಿಗೆ, ಉದುರಿದ ಹಲ್ಲುಗಳು ಮುದುಕರಿಗೆ. ಕರೆಗಟ್ಟಿದ ಹಲ್ಲಿನ ನಾಯಿಕೆಗೆ ಕಾವ್ಯದಲ್ಲಿ ಸ್ಥಳವಿಲ್ಲ. ಆದ್ದರಿಂದ ಕಾವ್ಯದ ದಂತಕಾಂತಿಯನ್ನು ಅಂದಿನ ಜನರ ಬಾಯಿಯ ವರದಿಯೆಂದು ಓದಬಾರದು. ಹುಡುಗಿಯ ಪ್ರಶ್ನೆಗೆ ಇದು ಮೊದಲ ಉತ್ತರ. ಕುಂದದ ಉಪಮಾನ ಸಂಸ್ಕೃತದಿಂದ ಬಂದದ್ದಾದರೂ ಮಲ್ಲಿಗೆ ಮಾತ್ರ ನಮ್ಮ ಸೀಮೆಯದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಬೆಳೆಯುವುದು ಇದೇ ಜಿಲ್ಲೆಯಲ್ಲಿ. ಉಪಮಾನ ಮನೆಯಂಗಳದಲ್ಲಿಯೇ ಇದ್ದು ಉಪಮೇಯ ಕಂದುಬಣ್ಣದ್ದಾದಾಗ ಆಗುವ ಸಂಕಟ ಅಲಂಕಾರಶಾಸ್ತ್ರಕ್ಕೆ ಹೊರಗಿನ ವಿಷಯ.

ಇನ್ನು ಆಚಾರದ ಕಡೆಗೆ ಬಂದರೆ, ಮದುವೆಯ ದಿನದ ಬಾಯಿ ಬಿಳಿಯಾಗಿರಬೇಕೆಂದು ನಮ್ಮ ಹಿರಿಯರು ಬಯಸಿದ್ದರೆಂದೇ ಹೇಳುವುದು ಕಷ್ಟ. ಆ ದಿನದ ಬಾಯಿಯ ಬಣ್ಣ ಕೆಂಪು. ನಿಶ್ಚಿತಾರ್ಥಕ್ಕೆ ನಮ್ಮಲ್ಲಿ ವೀಳ್ಯಶಾಸ್ತ್ರವೆಂದೇ ಹೆಸರು. ಎಲೆ ಅಡಿಕೆ ಕೈ ಬದಲಾದ ಮೇಲೆ ಮಾತು ಮುರಿಯುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವಾಗ ತಾಂಬೂಲಭೋಗಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ. ಎಲೆ ಎಂಥದಿರಬೇಕು, ಅಡಿಕೆಯನ್ನು ಹೇಗೆ ಸಂಸ್ಕರಿಸಬೇಕು, ಸುಣ್ಣ ಯಾವುದು, ಕರ್ಪೂರ ಕಸ್ತೂರಿಗಳ ಸೇರಿಕೆ ಹೇಗೆ ಎಂಬುದೆಲ್ಲ ಅಲ್ಲಿ ಇದೆ. ಆಗ ನಮ್ಮ ಈ ನಾಡು ಅವನ ಆಳ್ವಿಕೆಗೇ ಸೇರಿತ್ತು. ಮುನ್ನೂರು ವರ್ಷಗಳ ಬಳಿಕ, 1443ರಲ್ಲಿ, ಹೇರಾತಿನ ಶಾರೂಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಝಾಕನು ಅರಮನೆಯ ವೈಭವದಷ್ಟೇ ಆಸಕ್ತಿಯಿಂದ ವೀಳ್ಯದೆಲೆಯನ್ನೂ ವರ್ಣಿಸಿದ್ದಾನೆ. ಅದು ಮುಖಕ್ಕೆ ಕಳೆ ಕೊಡುತ್ತದೆ, ಬಾಯಿಯ ದುರ್ವಾಸನೆಯನ್ನು ಕಳೆಯುತ್ತದೆ, ಹಲ್ಲನ್ನು ಬಲಪಡಿಸುತ್ತದೆ ಎಂಬುದು ಅವನ ಗ್ರಹಿಕೆ. ಇಂದಿನ ದಂತವೈದ್ಯರು ಇದನ್ನು ಒಪ್ಪಲಾರರು; ಅಡಿಕೆ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ. ನಾನು ಹೇಳಹೊರಟಿರುವುದು ಆರೋಗ್ಯದ ಮಾತಲ್ಲ, ಬಣ್ಣದ ಮಾತು. ಐನೂರೆಂಬತ್ತು ವರ್ಷಗಳ ಹಿಂದೆ ಹಂಪೆಯ ಬೀದಿಯಲ್ಲಿ ಸುಖವಾಗಿ ಬಾಳುತ್ತಿದ್ದ ಹೆಣ್ಣಿನ ಹಲ್ಲು ಇಂದಿನ ಜಾಹೀರಾತಿನ ಬಿಳುಪಿನದಾಗಿರಲು ಸಾಧ್ಯವೇ ಇರಲಿಲ್ಲ.

ಕೆಂಪಿನ ಆಚೆಗೆ ಕಪ್ಪೂ ಇತ್ತು. ದಖ್ಖನಿನ ಮುಸ್ಲಿಂ ಮನೆತನಗಳ ಮುತ್ತೈದೆಯರು ಮಿಸ್ಸಿ ಎಂಬ ಪುಡಿಯನ್ನು ತಿಕ್ಕಿ ಹಲ್ಲಿನ ಸಂದುಗಳನ್ನೂ ವಸಡನ್ನೂ ಕಪ್ಪಾಗಿಸಿಕೊಳ್ಳುತ್ತಿದ್ದರು. ಕನ್ಯೆಯರಿಗೆ ಅದು ಸಲ್ಲದು. ಮದುವೆಯಾದವಳ ಸಿಂಗಾರ ಅದು. ಜಪಾನಿನಲ್ಲಿ ವಿವಾಹಿತೆಯರು ಹಲ್ಲನ್ನೇ ಪೂರ್ತಿಯಾಗಿ ಮಸಿಯಂತೆ ಕರಿದಾಗಿಸಿಕೊಳ್ಳುತ್ತಿದ್ದರು. 1870ರಲ್ಲಿ ಅಲ್ಲಿಯ ಸರಕಾರ ಶ್ರೀಮಂತ ವರ್ಗದವರಿಗೆ ಇದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿಯ ಹಲ್ಲಿನಿಂದ ಸಾರ್ವಜನಿಕರ ಮುಂದೆ ಕಾಣಿಸಿಕೊಂಡ ಮೇಲೆ ಪದ್ಧತಿ ಹಿಂದೆ ಸರಿಯಿತು. ಮಿಸ್ಸಿಗೂ ಜಪಾನಿನ ಆ ಮಸಿಗೂ ಮೂಲದ್ರವ್ಯ ಹೆಚ್ಚುಕಡಿಮೆ ಒಂದೇ: ಕಬ್ಬಿಣದ ಲವಣ ಮತ್ತು ಒಗರು ಕಾಯಿ. ಕಾಗದದ ಮೇಲೆ ಬರೆಯುವ ಹಳೆಯ ಶಾಯಿಯನ್ನು ತಯಾರಿಸುತ್ತಿದ್ದುದೂ ಇವುಗಳಿಂದಲೇ. ಮದುವೆಯ ಹಲ್ಲು ಬಿಳಿಯಾಗಿಯೇ ಇರಬೇಕೆಂಬುದು ಮನುಷ್ಯಕುಲದ ಸನಾತನ ಹಂಬಲವೇನಲ್ಲ ಎಂದು ತಿಳಿಯಲು ಇಷ್ಟು ಸಾಕು.

ಹಾಗೆಂದು ಹಲ್ಲಿನ ಶುಚಿಯನ್ನು ನಮ್ಮವರು ಕಡೆಗಣಿಸಿದವರಲ್ಲ. ಸುಶ್ರುತಸಂಹಿತೆ ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನ ಗಾತ್ರದ, ನೆಟ್ಟಗಿರುವ, ಗಂಟಿಲ್ಲದ ಹಸಿಕಡ್ಡಿಯನ್ನು ವಿಧಿಸುತ್ತದೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆನ್ನುತ್ತದೆ. ಈ ನಾಲ್ಕು ಮರಗಳೂ ನಮ್ಮ ಬಯಲುಸೀಮೆಯಲ್ಲಿ ಬೆಳೆಯುವಂಥವೇ. ಹಲ್ಲಿಗೆ ಹಚ್ಚುವ ಪುಡಿಯನ್ನು ಕಲಸಲು ಸುಶ್ರುತನು ಜೇನನ್ನು ಹೇಳುತ್ತಾನೆ. ಮದ್ಯ ಮಾಂಸಗಳಂತೆ ಮಧುವನ್ನೂ ತೊರೆಯಬೇಕಾದ ಜೈನ ಶ್ರಾವಕನಿಗೆ ಅದು ಒದಗದು. ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ ಮಾಂಸ ಮಧುಗಳಿಲ್ಲದೆಯೇ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಕಟ್ಟಿಕೊಟ್ಟದ್ದರ ಹಿಂದಿನ ತೊಡಕು ಇಂಥ ಸಣ್ಣ ವಿವರಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಂತೂ ದಂತಕಾಷ್ಠದ ಶುಭಾಶುಭ ಫಲಗಳನ್ನು ಹೇಳುವ ಅಧ್ಯಾಯವೇ ಇದೆ. ಕಡ್ಡಿಯನ್ನು ಅಳಲೆಕಾಯಿಯ ಪುಡಿ ಬೆರೆಸಿದ ಗೋಮೂತ್ರದಲ್ಲಿ ನೆನೆಯಿಟ್ಟು, ಬಳಿಕ ಸುಗಂಧಜಲದಲ್ಲಿ ಅದ್ದಿ ಇಡುವ ಕ್ರಮ ಅದರ ಗಂಧಯುಕ್ತಿ ಪ್ರಕರಣದಲ್ಲಿದೆ.

ಕನ್ನಡದಲ್ಲಿ ಈ ಬಗೆಯ ಲೋಕವ್ಯವಹಾರದ ವಿದ್ಯೆಗಳನ್ನೆಲ್ಲ ಒಂದೆಡೆ ತಂದವನು 'ಲೋಕೋಪಕಾರ'ದ ಕರ್ತೃವಾದ ಚಾವುಂಡರಾಯ. ಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಗಂಗಮಂತ್ರಿ ಚಾವುಂಡರಾಯ ಬೇರೆ. ಇವನು ಇಮ್ಮಡಿ ಜಯಸಿಂಹನ ಕಾಲದವನು, 1025ರ ಸುಮಾರಿನವನು. ಈ ಹೆಸರಿನ ಗೊಂದಲ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ. 'ಲೋಕೋಪಕಾರ'ದಲ್ಲಿ ಸುಗಂಧದ್ರವ್ಯಗಳ ಪ್ರಕರಣವಿದೆ, ಪಾಕಶಾಸ್ತ್ರವಿದೆ, ವೈದ್ಯವಿದೆ. ಅವುಗಳ ಜೊತೆಗೆ ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳವೂ ಇದೆ. ಯಾವ ಮರದ ಬಳಿ ಹುತ್ತವಿದ್ದರೆ ಎಷ್ಟು ಆಳದಲ್ಲಿ ಎಂಥ ನೀರು ಸಿಕ್ಕೀತು ಎಂಬ ವಿದ್ಯೆ ಅದು. ಬೃಹತ್ಸಂಹಿತೆಯೂ ಹೀಗೆಯೇ ಗಂಧಯುಕ್ತಿಯನ್ನೂ ದಕಾರ್ಗಳವನ್ನೂ ಒಂದೇ ಹೊತ್ತಿಗೆಯಲ್ಲಿ ಇಟ್ಟಿದೆ. ಕಲಕಿದ, ಕಹಿಯಾದ, ಉಪ್ಪಾದ ಬಾವಿಯ ನೀರನ್ನು ತಿಳಿಗೊಳಿಸಲು ನೆಲ್ಲಿ, ಲಾಮಂಚ, ಚಿಲ್ಲದ ಬೀಜ ಮೊದಲಾದವುಗಳ ಯೋಗವೊಂದನ್ನೂ ಹೇಳುತ್ತದೆ. ಮೊದಲ ಬಾರಿಗೆ ಇವನ್ನು ಓದಿದಾಗ, ಚೆಲುವಿನ ವಿದ್ಯೆಗೂ ಬಾವಿ ತೋಡುವ ವಿದ್ಯೆಗೂ ಏನು ಸಂಬಂಧವೆಂದು ನಾನು ನಕ್ಕಿದ್ದುಂಟು. ಆ ಹುಡುಗಿಯ ಹಲ್ಲನ್ನು ಕಂಡ ಮೇಲೆ ನಗು ಬರಲಿಲ್ಲ.

ಅವಳ ಹಲ್ಲಿನ ಕಲೆ ನೀರಿನದು. ತಂಬಾಕಿನದಲ್ಲ, ಅಡಿಕೆಯದಲ್ಲ, ಸೋಮಾರಿತನದ್ದಂತೂ ಅಲ್ಲವೇ ಅಲ್ಲ. ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶ ಮಿತಿ ಮೀರಿದಾಗ, ಬೆಳೆಯುವ ಮಕ್ಕಳ ದವಡೆಯೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ಹೊರಕವಚ ಕೆಡುತ್ತದೆ. ಮುಂಬಾಯಿಯ ಹಲ್ಲುಗಳ ಕವಚ ಎಂಟು ವರ್ಷದೊಳಗೆ ರೂಪುಗೊಂಡು ಮುಗಿಯುತ್ತದೆ. ಅಷ್ಟರಲ್ಲಿ ಆದ ದೋಷ ಹಲ್ಲು ಹೊರಬಂದಾಗ ಸುಣ್ಣದಂಥ ಮಚ್ಚೆಗಳಾಗಿ, ಕ್ರಮೇಣ ಹಳದಿ ಕಂದು ಗೆರೆಗಳಾಗಿ ತೋರುತ್ತದೆ. ಆಮೇಲೆ ಎಷ್ಟು ಒಳ್ಳೆಯ ನೀರು ಕುಡಿದರೂ ಅದು ಅಳಿಯುವುದಿಲ್ಲ. ಹಾಗೆಯೇ ಪ್ರಾಯಕ್ಕೆ ಬಂದ ಮೇಲೆ ಕೆಟ್ಟ ನೀರಿನ ಊರಿಗೆ ಸೊಸೆಯಾಗಿ ಬಂದವಳ ಹಲ್ಲಿನಲ್ಲಿ ಅದು ಹುಟ್ಟುವುದೂ ಇಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅತ್ತೆ ಸೊಸೆಯರ ಹಲ್ಲು ಬಿಳಿ, ಮಗಳ ಹಲ್ಲು ಕಂದು ಎಂಬ ನೋಟ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಹುಟ್ಟಿದ ಊರಿನ ನೀರು ಹೆಣ್ಣಿನ ಬಾಯಿಯಲ್ಲಿ ಬರೆದಿಟ್ಟ ಶಾಸನವದು. ಓದಲು ಲಿಪಿತಜ್ಞರು ಬೇಕಿಲ್ಲ.

ಈ ರೋಗದ ಪತ್ತೆಯ ಚರಿತ್ರೆಯೂ ದೀರ್ಘವಾದುದೇನಲ್ಲ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದು ನೆಲೆಸಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯ ಜನರ ಹಲ್ಲಿನಲ್ಲಿ ಕಂದು ಕಲೆಯನ್ನು ಕಂಡು, ಅದರ ಕಾರಣವನ್ನು ಹುಡುಕುತ್ತ ಮೂವತ್ತು ವರ್ಷ ಕಳೆದ. 1931ರಲ್ಲಿ ಚರ್ಚಿಲ್ ಎಂಬ ರಸಾಯನತಜ್ಞ ನೀರಿನಲ್ಲಿ ಫ್ಲೋರೈಡನ್ನು ಗುರುತಿಸಿದ ಮೇಲೆ ಅದು ಬಗೆಹರಿಯಿತು. ಭಾರತದಲ್ಲಿ ಮೊದಲ ಶಾಸ್ತ್ರೀಯ ವರದಿ ಬಂದದ್ದು 1937ರಲ್ಲಿ, ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಿಂದ. ಶಾರ್ಟ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ ಅಲ್ಲಿಯ ರೈತರು ತಮ್ಮ ಎತ್ತುಗಳಲ್ಲಿ ಈ ಬಾಧೆಯನ್ನು ಕಂಡಿದ್ದರೆಂದು ಹೇಳುತ್ತಾರೆ. ನಮ್ಮ ಬಳ್ಳಾರಿ ಜಿಲ್ಲೆಯೂ ಆಗ ಅದೇ ಆಧಿಪತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮುಂಡರಗಿ, ಕೊಪ್ಪಳ, ರಾಯಚೂರು, ಚಿತ್ರದುರ್ಗ, ಪಾವಗಡ, ಕೂಡ್ಲಿಗಿ ಹೀಗೆ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಈ ಒಣಸೀಮೆಯುದ್ದಕ್ಕೂ ಒಂದೇ ಕಥೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ಊರುಗಳಲ್ಲಿ ಹಲ್ಲು ಕೇವಲ ಮುನ್ಸೂಚನೆ. ವರ್ಷಗಟ್ಟಲೆ ಕುಡಿದವರ ಬೆನ್ನು ಮೊಳಕಾಲುಗಳನ್ನು ಹಿಡಿಯುವ ಮೂಳೆಯ ಬಾಧೆ ಅದರ ಹಿಂದೆ ಬರುತ್ತದೆ.

ಇಲ್ಲಿ ಚರಿತ್ರೆ ಓದುವವನಿಗೆ ಏಳುವ ಪ್ರಶ್ನೆ ಒಂದಿದೆ. ಬಂಡೆ ಹಿಂದೆಯೂ ಇದೇ ಬಂಡೆ, ಮಳೆ ಹಿಂದೆಯೂ ಕಡಿಮೆಯೇ. ಹಾಗಾದರೆ ಹಲ್ಲು? ಎಲ್ಲ ಊರುಗಳಿಗೂ ಒಂದೇ ಉತ್ತರ ಹೇಳಲಾಗದು. ಹಳೆಯ ತೋಡುಬಾವಿಗಳಲ್ಲಿಯೂ ಸೌಳು ನೀರಿನವು ಇದ್ದವು. ಆದರೆ ಕುಡಿಯುವ ನೀರಿನ ಮೂಲ ಬದಲಾದದ್ದು ಎಲ್ಲರೂ ಕಂಡ ಸಂಗತಿ. ಕೆರೆಯ ನೀರು ಮಳೆಯದು, ಬಂಡೆಯೊಳಗೆ ಬಹುಕಾಲ ನಿಂತು ಲವಣ ಹೀರಿದ್ದಲ್ಲ. ಕೆರೆಯ ಕೆಳಗಿನ ಮೇಲುಬಾವಿಗೂ ಆ ಸಿಹಿನೀರೇ ಇಳಿಯುತ್ತಿತ್ತು. ನೂರಾರು ಅಡಿಗಳ ಕೊಳವೆಬಾವಿ ಬಂದ ಮೇಲೆ ನಾವು ಕುಡಿಯತೊಡಗಿದ್ದು ಬಂಡೆಯ ಸಂದಿಯ ಹಳೆಯ ನೀರನ್ನು. ನೀರಿನ ಬರ ನೀಗಿಸಿದ ಆ ಕೊಳವೆಬಾವಿಯನ್ನು ಹಳಿಯುವ ಹಕ್ಕು ನಮಗಿಲ್ಲ. ಕೆರೆಗಳನ್ನು ಹೂಳಿಗೆ ಬಿಟ್ಟವರು ನಾವೇ.

ಕೆರೆಯ ವಿಷಯದಲ್ಲಿ ನಮ್ಮ ಶಾಸನಗಳು ಎಷ್ಟು ಎಚ್ಚರದಿಂದಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಕೆರೆ ಕಟ್ಟಿದವನಿಗೆ ಕಟ್ಟುಕೊಡಗಿ, ಕೆರೆಯ ಪಾಲನೆಗೆ ಬಿತ್ತುವಟ್ಟ ಎಂದು ಭೂಮಿಯನ್ನು ಬಿಟ್ಟು, ಅಳಿದವನಿಗೆ ಗೋಹತ್ಯೆಯ ಪಾಪವನ್ನು ಸಾರಿ, ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ಬರಹಗಳು ಈ ಸೀಮೆಯ ತುಂಬ ಇವೆ. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನ ಉತ್ತಮ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಸಿಹಿನೀರಿನ ಹೊಳೆ ಅಂಗಗಳಲ್ಲಿ ಒಂದು, ಸವುಳು ನೆಲ ದೋಷಗಳಲ್ಲಿ ಒಂದು. ಫ್ಲೋರೈಡಿನ ಹೆಸರು ಅವರಿಗೆ ತಿಳಿಯದು. ತಮ್ಮ ಹೆಣ್ಣುಮಕ್ಕಳ ಹಲ್ಲಿಗಾಗಿ ಅವರು ಕೆರೆ ಕಟ್ಟಿಸಿದರೆಂದು ಹೇಳಿದರೆ ಅದು ಅತಿಶಯೋಕ್ತಿ. ಕುಡಿಯುವ ನೀರು ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಅವರು ಕಲ್ಲಿನಲ್ಲಿ ಬರೆಸುವಷ್ಟು ಮುಖ್ಯವೆಂದು ತಿಳಿದಿದ್ದರು.

ಇದೇ ಸೀಮೆಯ ಕೋಗಳಿ ಒಂದು ಕಾಲದ ದೊಡ್ಡ ಜೈನಕೇಂದ್ರ. ಗಂಗರ ದುರ್ವಿನೀತನು ಕಟ್ಟಿಸಿದನೆಂದು ಹೇಳಲಾದ ಅಲ್ಲಿಯ ಬಸದಿಗೆ, ತ್ರೈಲೋಕ್ಯಮಲ್ಲ ಸೋಮೇಶ್ವರನ ಆಸ್ಥಾನಕ್ಕೆ ಭೂಷಣಪ್ರಾಯರಾಗಿದ್ದ ಇಂದ್ರಕೀರ್ತಿಗಳು 1055ರಲ್ಲಿ ದತ್ತಿ ಬಿಟ್ಟ ಶಾಸನವಿದೆ. ಕೋಗಳಿಗೆ ಹೋದಾಗಲೆಲ್ಲ ನನಗೆ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದಾದ ಅದಂತಧಾವನ ನೆನಪಾಗುತ್ತದೆ. ಬೆರಳು, ಉಗುರು, ಕಡ್ಡಿ, ಹುಲ್ಲು, ಕಲ್ಲು, ತೊಗಟೆ ಇವುಗಳಲ್ಲಿ ಯಾವುದರಿಂದಲೂ ಹಲ್ಲನ್ನು ತಿಕ್ಕಬಾರದೆಂದು 'ಮೂಲಾಚಾರ' ವಿವರಿಸಿ ಹೇಳುತ್ತದೆ. ಲೋಚ, ಅಚೇಲತ್ವ, ಅಸ್ನಾನಗಳ ಸಾಲಿನಲ್ಲಿ ಇದೂ ಬರುತ್ತದೆ. ಹೊರಗಿನವರಿಗೆ ಇದು ವಿಚಿತ್ರವೆನಿಸೀತು. ದೇಹವನ್ನು ನೋಡುವವರ ಕಣ್ಣಿಗಾಗಿ ಸಿಂಗರಿಸುವುದನ್ನು ಬಿಟ್ಟವನಿಗೆ ಹಲ್ಲೂ ಒಂದು ಪರಿಗ್ರಹವೇ ಎಂಬುದು ಅದರ ತಾತ್ಪರ್ಯ. ಗೃಹಸ್ಥರಿಗೆ ಈ ನಿಯಮವಿಲ್ಲ. ಪ್ರೋಷಧೋಪವಾಸದ ದಿನ ಮಾತ್ರ ಅಲಂಕಾರ, ಗಂಧ, ಪುಷ್ಪ, ಅಂಜನಗಳನ್ನು ಬಿಡಬೇಕೆಂದು ಸಮಂತಭದ್ರಾಚಾರ್ಯರ 'ರತ್ನಕರಂಡಕ' ಹೇಳುತ್ತದೆ.

ಜೈನಪುರಾಣಗಳಲ್ಲಿ ಮದುವೆಯ ಸಿಂಗಾರಕ್ಕೂ ಈ ವ್ರತಕ್ಕೂ ನಡುವೆ ಒಂದೇ ಗಳಿಗೆಯ ಅಂತರವಿರುವ ಪ್ರಸಂಗ ನೇಮಿನಾಥರದು. ಕರ್ಣಪಾರ್ಯನೇ ಮೊದಲಾದವರು ಕನ್ನಡಕ್ಕೆ ತಂದ ಈ ಕಥೆ ವಾಚಕರಿಗೆ ಹೊಸದಲ್ಲ. ರಾಜೀಮತಿಯನ್ನು ವರಿಸಲು ಸಕಲಾಭರಣಭೂಷಿತರಾಗಿ ಹೊರಟ ನೇಮಿಕುಮಾರರು, ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಕೂಗನ್ನು ಕೇಳಿ, ರಥವನ್ನು ತಿರುಗಿಸಿ, ಊರ್ಜಯಂತಗಿರಿಯನ್ನೇರಿ ದೀಕ್ಷೆ ಪಡೆದರು. ಬೆಳಿಗ್ಗೆ ಮಂಗಳಸ್ನಾನವಾದ ದೇಹಕ್ಕೆ ಅಸ್ನಾನವೂ, ಸಿಂಗರಿಸಿದ ಬಾಯಿಗೆ ಅದಂತಧಾವನವೂ ಒದಗಿದವು. ನಮ್ಮ ದೀಕ್ಷಾವಿಧಿಗಳಲ್ಲಿ ಇಂದಿಗೂ ದೀಕ್ಷಾರ್ಥಿಯನ್ನು ಮದುಮಗನಂತೆ, ಮದುಮಗಳಂತೆ ಸಿಂಗರಿಸಿ ಮೆರವಣಿಗೆ ಮಾಡುವುದುಂಟು. ಮೊದಲು ಪೂರ್ಣ ಅಲಂಕಾರ, ಆಮೇಲೆ ತ್ಯಾಗ. ಅಂದರೆ ಬಿಡುವುದಕ್ಕಾದರೂ ಮೊದಲು ಇರಬೇಕು, ಇಲ್ಲದ್ದನ್ನು ಬಿಡಲಾಗುವುದಿಲ್ಲ. ಹೊಸಹಳ್ಳಿಯ ಹುಡುಗಿಗೆ ಅದಂತಧಾವನದ ಮಹಿಮೆಯನ್ನು ಹೇಳಿ ಸಮಾಧಾನಪಡಿಸುವ ಯೋಚನೆ ಒಂದು ಕ್ಷಣ ನನಗೆ ಬಂದದ್ದು ನಿಜ. ಅದನ್ನು ಬಾಯಿಗೆ ತಾರದೆ ನುಂಗಿದ್ದೇ ಒಳ್ಳೆಯದಾಯಿತು. ಆಯ್ಕೆಯಿಂದ ಬಿಟ್ಟವರ ವ್ರತವನ್ನು ಆಯ್ಕೆಯಿಲ್ಲದೆ ಕಳೆದುಕೊಂಡವರಿಗೆ ಉಪದೇಶಿಸುವುದು ಧರ್ಮವಲ್ಲ.

ನೀರಿನ ವಿಷಯದಲ್ಲಿ ಜೈನಾಚಾರ ಹೇಳುವ ಇನ್ನೊಂದು ನಿಯಮ ಜಲಗಾಲನ. ದಪ್ಪ ಬಟ್ಟೆಯಲ್ಲಿ ಸೋಸದ ನೀರನ್ನು ಶ್ರಾವಕನು ಕುಡಿಯಬಾರದು. ನಮ್ಮ ಅಜ್ಜಿ ಕೊಡದ ಬಾಯಿಗೆ ಎರಡು ಮಡಿಕೆಯ ಬಟ್ಟೆ ಕಟ್ಟಿ ಸೋಸಿ, ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲಿಯೇ ಜಾಲಿಸಿ ಜೀವಿಗಳನ್ನು ತಾಯ್ನೆಲೆಗೆ ಸೇರಿಸುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಸೋಸುವುದರಿಂದ, ಕಾಯಿಸುವುದರಿಂದ ಅದೆಷ್ಟೋ ರೋಗಗಳು ದೂರವಾದವು. ಆದರೆ ಫ್ಲೋರೈಡ್ ಬಟ್ಟೆಯಲ್ಲಿ ನಿಲ್ಲದು; ಕುದಿಸಿದರೆ ನೀರು ಆವಿಯಾಗಿ ಅದರ ಪ್ರಮಾಣ ಸ್ವಲ್ಪ ಹೆಚ್ಚಿಯೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಎಷ್ಟು ಎಚ್ಚರದ ಗೃಹಿಣಿಯಾದರೂ ಅದನ್ನು ಕಣ್ಣಿನಿಂದ ನಾಲಗೆಯಿಂದ ಹಿಡಿಯಲಾರಳು.

ಇಷ್ಟಾದರೂ ಅಪರಾಧಿಯ ಸ್ಥಾನದಲ್ಲಿ ನಿಲ್ಲುವವಳು ಹುಡುಗಿಯೇ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ತುಟಿ ಎತ್ತಿ ನೋಡಿ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ವಯಸ್ಸನ್ನು ನಿರ್ಣಯಿಸುತ್ತಾನೆ. ದಾನ ಕೊಟ್ಟ ದನದ ಹಲ್ಲು ಎಣಿಸಬಾರದೆಂಬ ಗಾದೆ ಹುಟ್ಟಿದ್ದು ಅದರಿಂದ. ಹೆಣ್ಣು ನೋಡಲು ಬಂದವರು ತುಟಿ ಎತ್ತುವುದಿಲ್ಲ ನಿಜ. ಏನೋ ತಮಾಷೆ ಮಾಡಿ ನಗಿಸುತ್ತಾರೆ. ಹುಡುಗಿ ನಗದಿದ್ದರೆ ಬಿಂಕ, ನಕ್ಕರೆ ಕಲೆ. ಈ ವಿದ್ಯಾರ್ಥಿನಿಯನ್ನು ಮೊದಲು ನೋಡಿಹೋದ ಎರಡು ಕಡೆಯವರು 'ಆಮೇಲೆ ಹೇಳುತ್ತೇವೆ' ಎಂದು ಹೋದವರು ತಿರುಗಿ ಬರಲಿಲ್ಲವಂತೆ. ಅದೇ ನೀರು ಕುಡಿದು ಬೆಳೆದ ಅವಳ ಅಣ್ಣನ ಹಲ್ಲೂ ಕಂದೇ. ಅವನ ಮದುವೆಯಲ್ಲಿ ಹಲ್ಲಿನ ಮಾತೇ ಬರಲಿಲ್ಲವೆಂದು ತಾಯಿ ಸಹಜವಾಗಿ, ಯಾವ ಆಕ್ಷೇಪವೂ ಇಲ್ಲದೆ ಹೇಳಿದರು.

ಈ ಹೆದರಿಕೆಯಿಂದಲೇ ಹಳ್ಳಿಯ ಹುಡುಗಿಯರು ಮಾಡುವ ಪ್ರಯೋಗಗಳು ನೋಡುವವರನ್ನು ನಡುಗಿಸುತ್ತವೆ. ಇಟ್ಟಿಗೆಪುಡಿ, ಬೂದಿ, ಉಪ್ಪು ನಿಂಬೆಹುಳಿ ಹಾಕಿ ವಾರಗಟ್ಟಲೆ ತಿಕ್ಕುತ್ತಾರೆ. ನಮ್ಮ ಹಿರಿಯರ ಬೇವಿನಕಡ್ಡಿಯೋ, 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದ ವೈದ್ಯ ಬಿ.ವಿ. ಪಂಡಿತರ ಹೆಸರಾಂತ ಹಲ್ಲುಪುಡಿಯೋ ಮೇಲಿನ ಕೊಳೆಯನ್ನು ತೆಗೆಯಬಲ್ಲವು. ಫ್ಲೋರೈಡಿನ ಕಲೆ ಕವಚದೊಳಗಿನದು. ಅದು ಹೋಗುವ ತನಕ ತಿಕ್ಕಿದರೆ ಮೊದಲೇ ದುರ್ಬಲವಾದ ಕವಚ ಹೋಗುತ್ತದೆ, ಜುಮ್ಮೆನ್ನುವಿಕೆ ಉಳಿಯುತ್ತದೆ. ವೈದ್ಯರು ಬಳಸುವ ಪೆರಾಕ್ಸೈಡ್ ಲೇಪದಿಂದ ತೆಳುವಾದ ಕಲೆಗಳು ಮಬ್ಬಾಗುತ್ತವೆ. ಕೆಲವೊಮ್ಮೆ ಸುಣ್ಣದ ಮಚ್ಚೆಗಳು ಇನ್ನಷ್ಟು ಎದ್ದು ಕಾಣುವುದೂ ಉಂಟು. ಕವಚದ ಮೇಲ್ಪದರವನ್ನು ಕೂದಲೆಳೆಯಷ್ಟು ಸವೆಸಿ ಕಲೆ ತೆಗೆಯುವ ಕ್ರಮವಿದೆ. ತೀವ್ರವಾದುದಕ್ಕೆ ಮೇಲೆ ತೆಳುವಾದ ಹೊದಿಕೆ ಅಂಟಿಸುತ್ತಾರೆ. ಅದರ ಖರ್ಚು ಎರಡೆಕರೆ ಒಣಬೇಸಾಯದ ಮನೆಗೆ ಸಣ್ಣದಲ್ಲ. ಮದುವೆಯ ಹದಿನೈದು ದಿನ ಮುಂಚೆ ಆರಂಭಿಸುವ ಈ ಕೆಲಸಕ್ಕೆ ಸರಿಯಾದ ಸಮಯ ಹುಡುಗಿಗೆ ಒಂದು ವರ್ಷವಾಗಿದ್ದಾಗ ಇತ್ತು, ಮತ್ತು ಆಗ ಬೇಕಾಗಿದ್ದುದು ಒಂದು ಕೊಡ ಸಿಹಿನೀರು ಮಾತ್ರ.

ಈಗ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ನಡೆಯುವವೂ ಇವೆ, ಬೀಗ ಜಡಿದವೂ ಇವೆ. ತುಂಗಭದ್ರೆಯ ಹಿನ್ನೀರಿನಿಂದ ಕೂಡ್ಲಿಗಿ, ಮೊಳಕಾಲ್ಮೂರು, ಪಾವಗಡಗಳ ಕಡೆಗೆ ಕೊಳವೆ ಹಾಯಿಸುವ ಬಹುಗ್ರಾಮ ಯೋಜನೆಯೂ ಬಂದಿದೆ.

ಮದುವೆಗೆ ನಾನು ಹೋಗಿದ್ದೆ. ಅರಿಶಿನ, ಬಾಸಿಂಗ, ಹಡಗಲಿ ಮಲ್ಲಿಗೆಯ ದಂಡೆಯ ನಡುವೆ ಕುಳಿತಿದ್ದ ಹುಡುಗಿಯ ಹಲ್ಲಿನ ಗೆರೆಗಳು ತೆಳುವಾಗಿದ್ದವು, ಹೋಗಿರಲಿಲ್ಲ. ಛಾಯಾಗ್ರಾಹಕ ಎರಡು ಸಲ 'ನಗಿ' ಎಂದ ಮೇಲೆ ತುಟಿ ಮುಚ್ಚಿಯೇ ನಕ್ಕಳು. ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ಅವಳ ಸೋದರಮಾವ ವೀಳ್ಯಶಾಸ್ತ್ರದ ದಿನದ ಸಂಗತಿಯೊಂದನ್ನು ಹೇಳಿದರು. ಕೊಡುವ ಬಿಡುವ ಮಾತೆಲ್ಲ ಮುಗಿದು, ಎಲೆ ಅಡಿಕೆಯ ತಟ್ಟೆ ಎತ್ತುವ ಹೊತ್ತಿಗೆ, ಅಲ್ಲಿಯವರೆಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯ ತಾಯಿ ಮುಂದೆ ಬಂದು ಬೀಗರನ್ನು ಒಂದೇ ಒಂದು ಮಾತು ಕೇಳಿದರಂತೆ: ನಿಮ್ಮ ಊರಿನಲ್ಲಿ ಕುಡಿಯುವುದು ಯಾವ ನೀರು? ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊಳೆಯ ನೀರು, ನಾಲ್ಕೈದು ದಿನಕ್ಕೊಮ್ಮೆ ಬಿಡುತ್ತಾರೆ, ಎಂದರಂತೆ. ಆಕೆ ಆಗಲೆಂದು ತಲೆಯಾಡಿಸಿ, ತಟ್ಟೆಯನ್ನು ತಾವೇ ಎತ್ತಿ ಕೊಟ್ಟರಂತೆ.